ಭಾವನ ಹೆಡ್‌ಫೋನು ಮತ್ತು ನನ್ನದೊಂದು ತಪ್ಪೊಪ್ಪಿಗೆ

ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತು ಬಂದು ಹೋಗಿ ಮಾಡುವುದು ಒಂದು ಕಾರಣ. ಇನ್ನೊಂದು ಕಾರಣವೆಂದರೆ, ಬರೆಯಬೇಕಾಗಿದ್ದ ವಿಷಯವು ನನಗೆ ಅಷ್ಟೇನೂ ಹಿತವಾದದ್ದಲ್ಲ. ಎರಡು ವರ್ಷಗಳ ಹಿಂದೆ ಇದೇ ಪುಟದಲ್ಲಿ ನಮ್ಮ ಭಾವನವರ ಜಪಾನಿ ಹೆಡ್‌ಫೋನಿನ ಕುರಿತು ಒಂದು ಲೇಖನ ಬರೆದಿದ್ದೆ, ಹಲವರಿಗೆ ನೆನಪಿರಬಹುದು. ನಲವತ್ತು ವರ್ಷ ಹಳೆಯದಾದ ಆ ಸ್ಥಿರವಿದ್ಯುತ್ ಹೆಡ್‌ಫೋನಿನ ಮುಂದೆ ಇಂದಿನ ಯಾವುದೂ ನಿಲ್ಲುವುದಿಲ್ಲವೆಂದೂ, ಹಾಡುವವರ ಕಂಠ ಸರಿಯಾಗಿ ಹುಬ್ಬುಗಳ ನಡುವೆ ಬಂದು ನಿಲ್ಲುತ್ತದೆಂದೂ, ಹೊಸದಕ್ಕೆ ಆ ಗುಣವಿಲ್ಲವೆಂದೂ ಧೈರ್ಯವಾಗಿ ಬರೆದಿದ್ದೆ. ಅದನ್ನು ಓದಿ ಪುಣೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದೇ ಮಾದರಿಯನ್ನು ಪರದೇಶದ ಮಾರಾಟಗಾರನಿಂದ ತರಿಸಿಕೊಂಡನು. ಸುಂಕವೂ ಸೇರಿ ನಲವತ್ತೈದು ಸಾವಿರ ರೂಪಾಯಿ. ಒಂದು ತಿಂಗಳಲ್ಲಿ ಅದರ ಒಂದು ಕಿವಿ ಮೂಕವಾಯಿತು. ಅವನು ನನ್ನನ್ನು ದೂರಲಿಲ್ಲ. "ಮೇಷ್ಟ್ರೇ, ನೀವು ಬರೆದಿದ್ದಿರಲ್ಲ ಅಂತ ತಗೊಂಡೆ, ಏನು ಮಾಡಬಹುದು ಹೇಳಿ" ಎಂದಷ್ಟೇ ಬರೆದಿದ್ದನು. ದೂರಿದ್ದರೇ ಚೆನ್ನಾಗಿತ್ತು.

ಹೊಸಬರಿಗಾಗಿ ಹಳೆಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಕ್ಕನ ಯಜಮಾನರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದರು. 1980ರಲ್ಲಿ ಆರು ತಿಂಗಳು ತರಬೇತಿಗೆಂದು ಜಪಾನಿಗೆ ಹೋದವರು ಹಿಂದಿರುಗುವಾಗ ಸೀರೆ, ಕ್ಯಾಮೆರಾ ಯಾವುದನ್ನೂ ತರದೆ ಸ್ಟ್ಯಾಕ್ಸ್ ಕಂಪನಿಯ ಎಸ್‌ಆರ್-ಲ್ಯಾಂಬ್ಡಾ ಎಂಬ ಹೆಡ್‌ಫೋನನ್ನೂ ಅದಕ್ಕೆ ಬೇಕಾದ ಎಸ್‌ಆರ್‌ಡಿ-7 ಎಂಬ ಕಬ್ಬಿಣದ ಡಬ್ಬಿಯನ್ನೂ ತಂದರು. ಅಕ್ಕ ಎಷ್ಟು ದಿನ ಮಾತು ಬಿಟ್ಟಿದ್ದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಅವಳೂ ಇದನ್ನು ಓದುತ್ತಾಳೆ. 1988ರ ಬೇಸಿಗೆ ರಜೆಯಲ್ಲಿ ನಾನು ಅವರ ಮನೆಗೆ ಹೋಗಿದ್ದಾಗ, ಭಾವ ಮನೆಯಲ್ಲಿಲ್ಲದ ಹೊತ್ತು ನೋಡಿ, ಜಪಾನಿನ 100 ವೋಲ್ಟಿಗೆಂದು ಮಾಡಿದ್ದ ಆ ಡಬ್ಬಿಯನ್ನು ನಡುವಿನ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ನಮ್ಮ ಗೋಡೆಯ 230 ವೋಲ್ಟಿಗೆ ಸಿಕ್ಕಿಸಿದೆ. ಒಳಗೆ ಪಟ್ ಎಂದಿತು, ಸುಟ್ಟ ವಾಸನೆ ಬಂತು. ಭೌತಶಾಸ್ತ್ರ ಕಲಿಸುವ ಮೇಷ್ಟರು ಮಾಡಿದ ಕೆಲಸ! ಭಾವ ಸಂಜೆ ಬಂದು ನೋಡಿದರು, ಏನೂ ಅನ್ನಲಿಲ್ಲ. ಮರುದಿನ ನನ್ನನ್ನೇ ಕರೆದುಕೊಂಡು ಎಸ್.ಪಿ. ರೋಡಿಗೆ ಹೋಗಿ ಕೆಪಾಸಿಟರುಗಳನ್ನು ಕೊಂಡು ತಂದು ಅದನ್ನು ಸರಿಮಾಡಿದರು. ಒಂದು ಗಂಟೆಯ ಕೆಲಸ. ಈ ಒಂದು ಗಂಟೆಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಭಾವ 2011ರಲ್ಲಿ ತೀರಿಕೊಂಡ ಮೇಲೆ ಅಕ್ಕ ಆ ಪೆಟ್ಟಿಗೆಯನ್ನು ನನಗೆ ಕೊಟ್ಟಳು.

ಈ ಹೆಡ್‌ಫೋನು ಕೆಲಸ ಮಾಡುವ ಬಗೆ ಸಾಮಾನ್ಯ ಹೆಡ್‌ಫೋನಿನಂತಲ್ಲ. ಇದರಲ್ಲಿ ಅಯಸ್ಕಾಂತವಿಲ್ಲ, ತಂತಿಯ ಸುರುಳಿಯಿಲ್ಲ. ಅತಿ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ, ಅದರ ಎರಡು ಪಕ್ಕಗಳಲ್ಲಿ ರಂಧ್ರಗಳುಳ್ಳ ಎರಡು ವಿದ್ಯುದ್ವಾಹಕ ಫಲಕಗಳು. ಪೊರೆಯ ಮೇಲೆ ಸದಾ ನಿಂತಿರುವಂತೆ ವಿದ್ಯುದಾವೇಶವನ್ನು ಕೊಟ್ಟಿರುತ್ತಾರೆ. (ತರಗತಿಯಲ್ಲಿ ನಾನು "ಆವೇಶ" ಎಂದೊಡನೆ ಹಿಂದಿನ ಬೆಂಚಿನವರು ಮೈಮೇಲೆ ದೇವರು ಬಂದವರಂತೆ ನಟಿಸುತ್ತಿದ್ದಿರಿ. ಮರೆತಿಲ್ಲ.) ಸಂಗೀತದ ಸಂಕೇತವನ್ನು ಎರಡು ಫಲಕಗಳಿಗೆ ವಿರುದ್ಧ ದಿಕ್ಕಿನಲ್ಲಿ ಕೊಟ್ಟಾಗ ಒಂದು ಎಳೆಯುತ್ತದೆ, ಇನ್ನೊಂದು ನೂಕುತ್ತದೆ, ಇಡೀ ಪೊರೆ ಒಟ್ಟಾಗಿ ಚಲಿಸುತ್ತದೆ. ಪೊರೆಯ ದಪ್ಪ ಒಂದೂವರೆ ಮೈಕ್ರಾನ್ ಎಂದಿಟ್ಟುಕೊಂಡು ಲೆಕ್ಕ ಮಾಡಿ: ಒಂದು ಚದರ ಮೀಟರಿನ ತೂಕ ಎರಡು ಗ್ರಾಮಿಗಿಂತ ತುಸು ಹೆಚ್ಚು. ಅಷ್ಟೇ ವಿಸ್ತಾರದ ಗಾಳಿಯು ಎರಡು ಮಿಲಿಮೀಟರಿಗಿಂತಲೂ ತೆಳುವಾದ ಪದರದಲ್ಲಿ ಅಷ್ಟೇ ತೂಗುತ್ತದೆ. ಹೀಗಾಗಿ ಗಾಳಿಯನ್ನು ಗಾಳಿಯೇ ಅಲುಗಿಸಿದಂತೆ ಶಬ್ದ ಬರುತ್ತದೆ. ತಂಬೂರಿಯ ತಂತಿಯ ಜೀವಾಳವನ್ನು ಇಷ್ಟು ಬಿಡಿಬಿಡಿಯಾಗಿ ಕೇಳಿಸುವ ಉಪಕರಣವನ್ನು ನಾನು ಬೇರೆ ಕಂಡಿಲ್ಲ. ಈ ಮಾತನ್ನು ಇಂದೂ ಹಿಂತೆಗೆದುಕೊಳ್ಳುವುದಿಲ್ಲ.

ಚರಿತ್ರೆ ಹೆಚ್ಚು ಬೇಡ. ಸ್ಟ್ಯಾಕ್ಸ್ 1938ರಲ್ಲಿ ಹುಟ್ಟಿದ ಕಂಪನಿ. ಈ ಬಗೆಯ ಅವರ ಮೊದಲ ಹೆಡ್‌ಫೋನಾದ ಎಸ್‌ಆರ್-1 ಬಂದದ್ದು 1960ರಲ್ಲಿ. ಅದನ್ನು ಅವರು ಹೆಡ್‌ಫೋನ್ ಎನ್ನದೆ ಇಯರ್‌ಸ್ಪೀಕರ್ ಎಂದು ಕರೆದರು, ಈಗಲೂ ಹಾಗೆಯೇ ಕರೆಯುತ್ತಾರೆ. ಅಮೆರಿಕದ ಕಾಸ್ ಕಂಪನಿ 1968ರಲ್ಲಿ ಇಎಸ್‌ಪಿ-6 ತಂದಿತು. 1979ರಲ್ಲಿ ಲ್ಯಾಂಬ್ಡಾ ಬಂತು: ಉದ್ದನೆಯ ಅಂಡಾಕಾರದ ಪೊರೆ, ಅದರ ಸುತ್ತ ಚೌಕನೆಯ ಪ್ಲಾಸ್ಟಿಕ್ ಗೂಡು. ನೋಡಲು ಸುಂದರವೇನಲ್ಲ. ಆದರೆ ಅಂದಿನ ಗೂಡಿನ ಆಕಾರವನ್ನೇ ಇಂದಿನ ಎಸ್‌ಆರ್-ಎಲ್700ರಲ್ಲಿಯೂ ಕಾಣುತ್ತೇವೆ. ಆರಂಭದಲ್ಲಿ ಪೊರೆಗೆ ಕೊಡುತ್ತಿದ್ದ ಆವೇಶದ ವೋಲ್ಟೇಜು 230. ಮುಂದೆ "ಪ್ರೊ" ಎಂಬ ಹೆಸರಿನಲ್ಲಿ ಅದು 580 ವೋಲ್ಟಾಯಿತು. ಹಳೆಯ ಪ್ಲಗ್ಗಿಗೆ ಆರು ಕಡ್ಡಿ, ಹೊಸದಕ್ಕೆ ಐದು. 1995ರಲ್ಲಿ ಕಂಪನಿ ದಿವಾಳಿಯಾಗಿ ಮರುವರ್ಷ ಮತ್ತೆ ಎದ್ದಿತು. 2011ರಲ್ಲಿ ಚೀನಾದ ಎಡಿಫೈಯರ್ ಅದನ್ನು ಕೊಂಡಿತು. ಜರ್ಮನಿಯ ಸೆನ್‌ಹೈಸರ್ 1991ರಲ್ಲಿ ಆರ್ಫಿಯಸ್ ಎಂಬ ಹೆಸರಿನಲ್ಲಿ ಕವಾಟಗಳ ಆಂಪ್ಲಿಫೈಯರ್ ಸಮೇತ ಸುಮಾರು ಮುನ್ನೂರು ಜೊತೆಗಳನ್ನು ಮಾಡಿತ್ತು. ಅದರ ಉತ್ತರಾಧಿಕಾರಿಯನ್ನು 2015ರಲ್ಲಿ ಪ್ರಕಟಿಸಿದಾಗ ಹೇಳಿದ ಬೆಲೆ ಸುಮಾರು 50 ಸಾವಿರ ಯೂರೋ. ಅಷ್ಟು ಹಣಕ್ಕೆ ನಮ್ಮೂರಲ್ಲಿ ಮನೆ ಬರುತ್ತದೆ, ಆ ಮಾತು ಬಿಡೋಣ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಬಂದು ಮೂರು ದಿನ ನಮ್ಮ ಮನೆಯಲ್ಲಿದ್ದನು. ಅವನ ಬಳಿ ಎಸ್‌ಆರ್-ಎಲ್700ರ ಎರಡನೆಯ ಆವೃತ್ತಿ ಇತ್ತು. ಅದಕ್ಕೆ ಆಂಪ್ಲಿಫೈಯರನ್ನು ಅವನು ಕೊಂಡಿರಲಿಲ್ಲ, ಕೈಯಾರೆ ಕಟ್ಟಿದ್ದನು. ಕೆವಿನ್ ಗಿಲ್ಮೋರ್ ಎಂಬ ಅಮೆರಿಕದ ವಿನ್ಯಾಸಕಾರರು ಈ ಹೆಡ್‌ಫೋನುಗಳಿಗೆಂದೇ ಹಲವು ಆಂಪ್ಲಿಫೈಯರುಗಳ ನಕ್ಷೆಗಳನ್ನು ಮುಕ್ತವಾಗಿ ಹಂಚಿದ್ದಾರೆ. ಇದು ಆ ನಕ್ಷೆಗಳಲ್ಲೊಂದರಂತೆ ಕಟ್ಟಿದ್ದು. ಹುಡುಗ ಅದರಲ್ಲಿ ಐದು ರಂಧ್ರದ ಸಾಕೆಟ್ಟನ್ನೂ ಆರು ರಂಧ್ರದ್ದನ್ನೂ ಇಟ್ಟಿದ್ದನು. ಹುಡುಗ ಎನ್ನುತ್ತಿದ್ದೇನೆ, ಅವನಿಗೆ ಈಗ ನಲವತ್ತೆಂಟು.

ಅದರಿಂದ ಒಂದು ಅನುಕೂಲವಾಯಿತು. ಹಳೆಯ ಹೆಡ್‌ಫೋನನ್ನು ಹಳೆಯ ಡಬ್ಬಿಗೂ ಹೊಸ ಆಂಪ್ಲಿಫೈಯರಿಗೂ ಹಾಕಿ ಕೇಳಬಹುದಾಗಿತ್ತು. ಹೊಸ ಹೆಡ್‌ಫೋನಿನ ಐದು ಕಡ್ಡಿಯ ಪ್ಲಗ್ಗೂ ಹಳೆಯ ಆರು ರಂಧ್ರದ ಸಾಕೆಟ್ಟಿನಲ್ಲಿ ಕೂರುತ್ತದೆ, ಹಾನಿಯಿಲ್ಲ. 230 ವೋಲ್ಟಷ್ಟೇ ಸಿಗುವುದರಿಂದ ಶಬ್ದ ಎಂಟು ಡೆಸಿಬೆಲ್ಲಿನಷ್ಟು ತಗ್ಗುತ್ತದೆ. ಹಳೆಯದನ್ನು ಮಾತ್ರ 580ಕ್ಕೆ ಹಾಕಬಾರದು, ಅದರಲ್ಲಿ ಪೊರೆಗೂ ಫಲಕಕ್ಕೂ ಇರುವ ಅಂತರ ಕಿರಿದು. ಕಡ್ಡಿಗಳ ಸಂಖ್ಯೆಯಿಂದಲೇ ಆ ಅನಾಹುತವನ್ನು ತಪ್ಪಿಸಿದ ಜಪಾನೀಯರ ಬುದ್ಧಿಯನ್ನು ಮೆಚ್ಚಬೇಕು. ಜೋರಾಗಿ ಕೇಳಿದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದಾದ್ದರಿಂದ, ಹುಡುಗನ ಶಬ್ದಮಾಪಕವನ್ನು ಹಿಡಿದು ಪ್ರತಿ ಜೋಡಿಯ ಮಟ್ಟವನ್ನೂ ಸಮ ಮಾಡಿಕೊಂಡೆವು. ಮಾಪಕವನ್ನು ಬಲಗಿವಿಯ ಕಡೆಗೆ ಮಾತ್ರ ಹಿಡಿದೆವು. ಎರಡೂ ಕಡೆ ಹಿಡಿಯಬೇಕೆಂಬ ಬುದ್ಧಿ ಇಬ್ಬರಿಗೂ ಬರಲಿಲ್ಲ.

ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಗಾಯನ, ಒಂದು ಮೃದಂಗ ತನಿ, ಇಷ್ಟನ್ನೇ ಮತ್ತೆ ಮತ್ತೆ ಕೇಳಿದೆವು. ಹೊಸ ಹೆಡ್‌ಫೋನು ಹಾಕಿಕೊಂಡ ಕೂಡಲೇ ನಾನು ಹಳೆಯ ಆಕ್ಷೇಪಣೆಯನ್ನೇ ಎತ್ತಿದೆ: "ನೋಡಯ್ಯಾ, ಮನ್ಸೂರರು ಎಡಕ್ಕೆ ವಾಲುತ್ತಾರೆ. ಭಾವನದರಲ್ಲಿ ಹಾಗಿಲ್ಲ, ನಟ್ಟ ನಡುವೆ ಕೂರುತ್ತಾರೆ." ಎರಡು ವರ್ಷಗಳ ಹಿಂದೆ ಇವನದೇ ಹೆಡ್‌ಫೋನನ್ನು ಒಂದು ಮಧ್ಯಾಹ್ನ ಕೇಳಿಯೇ ನಾನು ಆ ಲೇಖನವನ್ನು ಬರೆದದ್ದು. ಗುರುಗಳ ಮಾತಿಗೆ ಎದುರಾಡಬಾರದೆಂದು ಹುಡುಗ ಸುಮ್ಮನಿದ್ದನು. ನನ್ನ ಮೊಮ್ಮಗಳಿಗೆ ಆ ಸಂಕೋಚವಿಲ್ಲ. ಹದಿನಾರರ ಕಿವಿ. ಹೊಸದನ್ನು ಕೇಳಿದಳು, ಹಳೆಯದನ್ನು ಕೇಳಿದಳು. "ಅಜ್ಜ, ಹಳೇದೇ ಬಲಕ್ಕೆ ವಾಲ್ತಿದೆ. ಎಡಗಡೆ ಸೌಂಡೇ ಕಮ್ಮಿ" ಎಂದಳು.

ಇದನ್ನು ತೀರ್ಮಾನಿಸಲು ಒಂದೇ ನಿಮಿಷ ಸಾಕು: ಹೆಡ್‌ಫೋನನ್ನು ತಿರುಗಿಸಿ, ಎಡದ ಬಟ್ಟಲನ್ನು ಬಲಗಿವಿಗೆ ಹಾಕಿಕೊಳ್ಳುವುದು. ತಕ್ಕಡಿಯ ಮೇಲೆ ಸಂಶಯವಿದ್ದರೆ ವಸ್ತುವನ್ನೂ ತೂಕದ ಬಟ್ಟನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ತೂಗಿ ಎಂದು ಮೂವತ್ತು ವರ್ಷ ನಿಮಗೆಲ್ಲ ಪಾಠ ಹೇಳಿದವನು ನಾನು. ಆ ಪರೀಕ್ಷೆಯನ್ನು ನನ್ನ ಹೆಡ್‌ಫೋನಿಗೆ ಒಮ್ಮೆಯೂ ಮಾಡಿರಲಿಲ್ಲ. ತಿರುಗಿಸಿ ಹಾಕಿಕೊಂಡಾಗ ಹಳೆಯದರಲ್ಲಿ ಮನ್ಸೂರರು ಪೂರ್ತಿ ಎಡಗಿವಿಗೆ ಹೋಗಿ ಕುಳಿತರು. ಹೊಸದನ್ನು ತಿರುಗಿಸಿ ಹಾಕಿಕೊಂಡರೆ ಮೊದಲು ಎಷ್ಟು ಎಡಕ್ಕಿದ್ದರೋ ಅಷ್ಟೇ ಎಡಕ್ಕಿದ್ದರು. ಅಂದರೆ ಹೊಸದರಲ್ಲಿ ದೋಷವಿಲ್ಲ. ದೋಷ ನನ್ನ ಬಲಗಿವಿಯಲ್ಲಿ. ಹಳೆಯದರ ಎಡಬದಿಯ ಪೊರೆಯೂ ನನ್ನ ಬಲಗಿವಿಯೂ ಜೊತೆಜೊತೆಯಾಗಿ ಮಂದವಾಗುತ್ತ ಬಂದು, ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತಿತ್ತು. ಆ ಸಮತೋಲನವನ್ನೇ ನಾನು ಹಳೆಯ ಕಾಲದ ಕುಶಲತೆಯೆಂದು ಎರಡು ಪುಟ ಹೊಗಳಿದ್ದೆ. ಜನವರಿಯಲ್ಲಿ ಶಿವಮೊಗ್ಗದಲ್ಲಿ ಕಿವಿಯ ಪರೀಕ್ಷೆ ಮಾಡಿಸಿದೆ, ಬಲಗಿವಿಯ ಸಂಗತಿ ನಿಜವೇ. ಎಪ್ಪತ್ತಾರಕ್ಕೆ ಇದೇನೂ ವಿಶೇಷವಲ್ಲವೆಂದು ವೈದ್ಯೆ ಹೇಳಿದರು.

ಪೊರೆಗೆ ಏನಾಯಿತು? ಪ್ಲಾಸ್ಟಿಕ್ಕು ವಿದ್ಯುತ್ತನ್ನು ಹರಿಯಗೊಡದು. ಆದ್ದರಿಂದ ಅದರ ಮೇಲೆ ಅತಿ ಹೆಚ್ಚು ರೋಧವುಳ್ಳ ಒಂದು ಲೇಪನವಿರುತ್ತದೆ. ಆವೇಶ ನಿಲ್ಲುವುದು ಆ ಲೇಪನದಲ್ಲಿ. ವರ್ಷಗಳು ಕಳೆದಂತೆ ಲೇಪನ ಸವೆಯಬಹುದು. ಧೂಳು ಸೇರಿ, ತೇವ ಹತ್ತಿ ಆವೇಶ ಸೋರಿಹೋಗಬಹುದು. ನಮ್ಮ ಮಲೆನಾಡಿನಲ್ಲಿ ತೇವದ ಮಾತು ಹೇಳಬೇಕೆ? ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುವ ಪ್ರಯೋಗವು ಜುಲೈ ತಿಂಗಳಲ್ಲಿ ನಮ್ಮ ಶಾಲೆಯಲ್ಲಿ ಒಮ್ಮೆಯೂ ನಡೆಯುತ್ತಿರಲಿಲ್ಲ. ಅದಕ್ಕೆಂದೇ ಆ ಪಾಠವನ್ನು ನಾನು ಡಿಸೆಂಬರಿಗೆ ತಳ್ಳುತ್ತಿದ್ದೆ. ಬಾಚಣಿಗೆಗೆ ಆಗುವುದೇ ಹೆಡ್‌ಫೋನಿಗೂ ಆಗುತ್ತದೆ. ಆರಂಭದಲ್ಲಿ ಎರಡೂ ಕಡೆ ಸಮವಾಗಿದ್ದು, ಅರ್ಧ ಗಂಟೆ ಕಳೆದ ಮೇಲೆ ಒಂದು ಕಡೆ ಕುಗ್ಗುವುದೂ ಉಂಟು. ಒಣಗಿಸಿದರೆ ಕೆಲವು ಮತ್ತೆ ಚೇತರಿಸಿಕೊಳ್ಳುತ್ತವೆ. ಲೇಪನವೇ ಹೋಗಿದ್ದರೆ ಇಲ್ಲ. ಕೂದಲಿನ ಎಷ್ಟನೆಯದೋ ಒಂದು ಪಾಲು ದಪ್ಪದ ಪೊರೆಯನ್ನು ಬಿಚ್ಚಿ, ಸರಿಯಾದ ಬಿಗುವಿನಲ್ಲಿ ಮತ್ತೆ ಹೂಡಿ, ಲೇಪಿಸಿ, ಎರಡೂ ಕಿವಿಗೆ ಸಮವಾಗಿ ಕೂರಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಇದರ ಪಕ್ಕದಲ್ಲಿ ಆಂಪ್ಲಿಫೈಯರನ್ನಿಟ್ಟು ನೋಡಿ. ನಾನು ಸುಟ್ಟ ಡಬ್ಬಿಯನ್ನು ಭಾವ ಒಂದು ಗಂಟೆಯಲ್ಲಿ ಸರಿಮಾಡಿದ್ದರು. ಕೆಪಾಸಿಟರ್ ಒಣಗಿದರೆ ಹೊಸದು ಸಿಗುತ್ತದೆ. ಕವಾಟ ಹೋದರೆ ಕವಾಟ ಸಿಗುತ್ತದೆ. 1980ರ ದಶಕದ ಎಸ್‌ಆರ್‌ಎಂ-ಟಿ1 ಎಂಬ ಆಂಪ್ಲಿಫೈಯರಿನಲ್ಲಿರುವ 6ಎಫ್‌ಕ್ಯೂ7 ಕವಾಟಗಳನ್ನು ಇಂದಿಗೂ ಕೊಳ್ಳಬಹುದು. ಅದರಲ್ಲಿ ಶಾಖವಾಗಿ ವಿದ್ಯುತ್ತನ್ನು ಪೋಲುಮಾಡುವ ರೋಧಕಗಳನ್ನು ತೆಗೆದು ಸ್ಥಿರ ವಿದ್ಯುತ್ ಪ್ರವಾಹದ ಮಂಡಲವನ್ನು ಕೂರಿಸಿ, ಹುಟ್ಟಿದಾಗಿದ್ದುದಕ್ಕಿಂತ ಉತ್ತಮಗೊಳಿಸಿಕೊಂಡವರೂ ಇದ್ದಾರೆ. ಹೆಡ್‌ಫೋನು ಮುದಿಯಾಗುತ್ತದೆ, ಆಂಪ್ಲಿಫೈಯರನ್ನು ಮತ್ತೆ ಮತ್ತೆ ಹೊಸದು ಮಾಡಬಹುದು. "ವಿಂಟೇಜ್" ಎಂಬ ಒಂದೇ ಪದದಿಂದ ಎರಡನ್ನೂ ಕಟ್ಟಿ ಮಾರುವ ವ್ಯಾಪಾರದಲ್ಲಿ ಈ ಭೇದ ಮರೆಯಾಗುತ್ತದೆ. ನನ್ನ ಲೇಖನದಲ್ಲಿಯೂ ಮರೆಯಾಗಿತ್ತು.

ಹಾಗಾದರೆ ಕೇಳುವುದರಲ್ಲಿ ಏನು ವ್ಯತ್ಯಾಸ? ಆಂಪ್ಲಿಫೈಯರಿನದೇ ದೊಡ್ಡದು. ಎಸ್‌ಆರ್‌ಡಿ-7 ನಿಜವಾಗಿ ಆಂಪ್ಲಿಫೈಯರೇ ಅಲ್ಲ. ಸ್ಪೀಕರಿಗೆ ಹೋಗುವ ತಂತಿಯನ್ನು ಅದಕ್ಕೆ ಕೊಟ್ಟರೆ ಒಳಗಿನ ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಏರಿಸಿ ಕೊಡುತ್ತದೆ. ನೇರವಾಗಿ ನಡೆಸುವ ಆಂಪ್ಲಿಫೈಯರಿನಲ್ಲಿ ಆ ಟ್ರಾನ್ಸ್‌ಫಾರ್ಮರಿಲ್ಲ. ಹೆಡ್‌ಫೋನೆಂದರೆ 110 ಪೈಕೋಫ್ಯಾರಡ್ಡಿನ ಒಂದು ಕೆಪಾಸಿಟರ್ ಅಷ್ಟೇ. ನೂರು ವೋಲ್ಟಿನಲ್ಲಿ, ಹತ್ತು ಸಾವಿರ ಹರ್ಟ್ಸಿನಲ್ಲಿ ಅದು ಕೇಳುವ ಪ್ರವಾಹ 0.7 ಮಿಲಿಆಂಪಿಯರು, ಸೂತ್ರ ನಿಮಗೆ ಗೊತ್ತು, ಹಾಕಿ ನೋಡಿ. ಅಲ್ಪವೆನ್ನಿಸುತ್ತದೆ. ಆದರೆ ಸ್ವರ ಏರಿದಂತೆ, ಶಬ್ದ ಜೋರಾದಂತೆ ಎರಡೂ ಗುಣಿಸಿಕೊಂಡು 400 ವೋಲ್ಟು, 20 ಸಾವಿರ ಹರ್ಟ್ಸಿಗೆ ಅದು ಐದೂವರೆ ಮಿಲಿಆಂಪಿಯರಾಗುತ್ತದೆ. ನೂರಾರು ವೋಲ್ಟಿನಲ್ಲಿ ಅಷ್ಟನ್ನು ಸಲೀಸಾಗಿ ಕೊಡುವುದೇ ಈ ಆಂಪ್ಲಿಫೈಯರುಗಳ ಕಷ್ಟವೂ ಹೌದು, ಅವು ಬಿಸಿಯಾಗುವುದಕ್ಕೆ ಕಾರಣವೂ ಹೌದು.

ಮೊಮ್ಮಗಳು ನನ್ನ ಬೆನ್ನ ಹಿಂದೆ ಕುಳಿತು, ಹಳೆಯ ಹೆಡ್‌ಫೋನಿನ ಪ್ಲಗ್ಗನ್ನು ಒಮ್ಮೆ ಡಬ್ಬಿಗೆ, ಒಮ್ಮೆ ಹೊಸ ಆಂಪ್ಲಿಫೈಯರಿಗೆ ತನ್ನ ಇಷ್ಟದಂತೆ ಹಾಕಿದಳು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಹೇಳಿದೆ, ಈ ಮುದಿ ಕಿವಿಯಲ್ಲಿ. ಮೃದಂಗದ ಎಡಬದಿಯ ಗುಂಕಿ ಡಬ್ಬಿಯಲ್ಲಿ ಒದ್ದೆ ಬಟ್ಟೆ ಬಡಿದಂತಿದ್ದುದು ಹೊಸದರಲ್ಲಿ ಸ್ಪಷ್ಟವಾಗಿ ಸ್ವರವಾಯಿತು. ಇನ್ನು ಹೊಸ ಆಂಪ್ಲಿಫೈಯರಿನಲ್ಲೇ ಹಳೆಯ, ಹೊಸ ಹೆಡ್‌ಫೋನುಗಳನ್ನು ಹೋಲಿಸುವಾಗ ಕಣ್ಣು ಮುಚ್ಚಿ ಪ್ರಯೋಜನವಿಲ್ಲ, ಕಿವಿಯ ಮೆತ್ತೆಯ ಸ್ಪರ್ಶವೇ ಗುಟ್ಟು ಬಿಟ್ಟುಕೊಡುತ್ತದೆ. ಹಳೆಯದರ ಆರೋಗ್ಯವಂತ ಬಲಬದಿಯನ್ನು ಮಾತ್ರ ಗಮನಿಸಿ ಹೇಳುವುದಾದರೆ, ಎಲ್700 ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಜೋರಿನ ಜಾಗದಲ್ಲಿ ಉಸಿರು ಕಟ್ಟುವುದಿಲ್ಲ. ಲೋಹದ ತೆಳು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಸೆದು ಮಾಡಿದ ಅದರ ಫಲಕಗಳು ಹೆಚ್ಚು ಗಟ್ಟಿಯಂತೆ. ವೀಣೆಯ ಮಟ್ಟಿಗೆ ನನಗೆ ಲ್ಯಾಂಬ್ಡಾದ ಮೃದುತ್ವವೇ ಇಂದಿಗೂ ಹೆಚ್ಚು ಇಷ್ಟ. ನಲವತ್ತು ವರ್ಷಗಳ ಅಂತರವೆಂದು ಯಾರಾದರೂ ಹೇಳದಿದ್ದರೆ ನನಗೆ ತೋಚುತ್ತಿರಲಿಲ್ಲ. ಆದ್ದರಿಂದ 2021ರಲ್ಲಿ ಎಸ್‌ಆರ್-ಎಕ್ಸ್9000 ಎಂಬುದಕ್ಕೆ 6,200 ಡಾಲರ್ ಬೆಲೆಯಿಟ್ಟಾಗ, ಆ ಅಂತರಕ್ಕೆ ಅಷ್ಟು ಹಣ ನ್ಯಾಯವೆಂದು ನನಗೆ ಅನಿಸಲಿಲ್ಲ. ಹೊಸದನ್ನು ಕೊಳ್ಳುವುದಾದರೆ ಶ್ರೇಣಿಯ ಕೆಳಗಿನದನ್ನು ಕೊಳ್ಳಿ. ಎರಡು ಕಿವಿಗಳೂ ಸಮವಾಗಿ ಕೇಳುತ್ತವೆಂಬುದೇ ಅದರಲ್ಲಿ ಸಿಗುವ ಮುಖ್ಯ ಲಾಭ. ಉಳಿದ ಹಣವನ್ನು ಆಂಪ್ಲಿಫೈಯರಿಗೆ ಹಾಕಿ, ಅದು ಹಳೆಯದಾದರೂ ಚಿಂತೆಯಿಲ್ಲ. ಜಪಾನಿನಿಂದ ಬಂದದ್ದಾದರೆ ಮೊದಲು ಅದರ ವೋಲ್ಟೇಜನ್ನು ನೋಡಿ. ಮುಚ್ಚಳ ತೆಗೆಯುವ ಕೆಲಸವನ್ನು ಬಲ್ಲವರಿಗೆ ಬಿಡಿ, ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟು ಉಳಿದಿರುತ್ತದೆ.

ಹಳೆಯ ಹೆಡ್‌ಫೋನನ್ನೇ ಕೊಳ್ಳಬೇಕೆಂಬ ಹಂಬಲವಿದ್ದರೆ ಕೊಳ್ಳಿ, ಬೇಡವೆನ್ನಲು ನಾನ್ಯಾರು. ಆದರೆ ಮಾರುವವನು ಐದು ನಿಮಿಷ ಕೇಳಿಸಿದರೆ ಸಾಲದು, ಒಂದು ಗಂಟೆ ಕೇಳಿ. ತಿರುಗಿಸಿ ಹಾಕಿಕೊಂಡು ಕೇಳಿ. ತಲೆಯ ಮೇಲಿನ ಪ್ಲಾಸ್ಟಿಕ್ ಕಮಾನು ಒಣಗಿ ಬಿರುಕು ಬಿಟ್ಟಿದೆಯೇ ನೋಡಿ. ಮೇಷ್ಟ್ರು ಹೊಗಳಿದ್ದಾರೆಂದು ಮಾತ್ರ ಕೊಳ್ಳಬೇಡಿ.

ಪುಣೆಯ ಹುಡುಗನಿಗೆ ಫೋನು ಮಾಡಿ ಇದಿಷ್ಟನ್ನೂ ಹೇಳಿ ಕ್ಷಮೆ ಕೇಳಿದೆ. ಅವನಿಗೆ ಸಂಕೋಚವಾಗಿ ಮಾತನ್ನು ಬೇರೆಡೆ ತಿರುಗಿಸಿದನು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಎರಡು ವಾರ ಇಟ್ಟು ನೋಡೆಂದು ಹೇಳಿದ್ದೇನೆ. ನನ್ನದನ್ನೂ ಹಾಗೆಯೇ ಇಟ್ಟಿದ್ದೆ, ತುಸು ಚೇತರಿಸಿಕೊಂಡಿತು, ಪೂರ್ತಿಯಲ್ಲ. ಅವನದು ಸರಿಹೋಗದಿದ್ದರೆ, ಭಾವನ ಹೆಡ್‌ಫೋನಿನ ಒಳ್ಳೆಯ ಬಲಬದಿಯನ್ನೂ ಅವನದರ ಒಳ್ಳೆಯ ಎಡಬದಿಯನ್ನೂ ಸೇರಿಸಿ ಒಂದು ಮಾಡಬಹುದೇ ಎಂದು ಬೆಂಗಳೂರಿನ ಹುಡುಗ ಯೋಚಿಸುತ್ತಿದ್ದಾನೆ.

ಅಕ್ಕನ ಮಗನಿಗೆ ಯಾರೋ ಸಂಗ್ರಾಹಕರು ಈ ಜೋಡಿಗೆ ಒಳ್ಳೆಯ ಬೆಲೆ ಕೊಡುತ್ತೇವೆಂದು ಬರೆದಿದ್ದರು. ಅಕ್ಕನನ್ನು ಕೇಳಿದೆ, ಎಡಗಡೆ ಸರಿಯಿಲ್ಲವೆಂಬುದನ್ನೂ ಹೇಳಿದೆ. "ಹಾಗಾದ್ರೆ ಮಾರೋದು ಬೇಡ ಕಣೋ, ತಗೊಂಡೋರು ಬೈಕೊಳ್ತಾರೆ. ಆ ಹುಡುಗನಿಗೇ ಕೊಟ್ಟುಬಿಡು" ಎಂದಳು. ಮುಂದಿನ ವಾರ ಅಂಚೆಗೆ ಹಾಕುತ್ತಿದ್ದೇನೆ. ಕಬ್ಬಿಣದ ಡಬ್ಬಿಯನ್ನು ಮಾತ್ರ ಇಟ್ಟುಕೊಳ್ಳುತ್ತೇನೆ, ಅದರಲ್ಲಿ ಭಾವ ಬೆಸುಗೆ ಹಾಕಿದ ಕೆಪಾಸಿಟರುಗಳಿವೆ. ಹುಡುಗರು ಎರಡನ್ನು ಸೇರಿಸಿ ಒಂದು ಮಾಡಿದರೆ ಚಿತ್ರ ಕಳಿಸುವುದಾಗಿ ಹೇಳಿದ್ದಾರೆ. ಬಂದಾಗ ಇಲ್ಲಿ ಹಾಕುತ್ತೇನೆ.